ಬಾಸ್ಟನ್ ಕಾಲೇಜಿನ ದೈವಶಾಸ್ತ್ರ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಲ್ಲಿ ಎರಡು ವರ್ಷ ಓದಿದವಳು. ಮಂಗಳೂರು, ಹಾಸನ, ಚಿಕ್ಕಮಗಳೂರು, ಬೆಂಗಳೂರು ಕಡೆಯಿಂದ ಫಾದರ್‌ಗಳು, ಸಿಸ್ಟರ್‌ಗಳು, ಧರ್ಮಕೇಂದ್ರದ ಜ್ಞಾನೋಪದೇಶ ಟೀಚರ್‌ಗಳು, ಅವರ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಒಂದೇ. ಪ್ರತಿ ಸಲ ಅದದೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಶಾಲೆಯ ಪೂರ್ತಿ ಹೆಸರು ಕ್ಲಫ್ ಸ್ಕೂಲ್ ಆಫ್ ಥಿಯಾಲಜಿ ಅಂಡ್ ಮಿನಿಸ್ಟ್ರಿ. ಕ್ಲಫ್ ಅನ್ನುವುದು ದಾನಿಗಳ ಮನೆತನದ ಹೆಸರು, ಈಚೆಗೆ ಸೇರಿದ್ದು. ಹಳಬರು ಈಗಲೂ ಎಸ್‌ಟಿಎಂ ಅಂತಲೇ ಕರೆಯುತ್ತಾರೆ.

ಬಾಸ್ಟನ್ ಕಾಲೇಜ್ ಅಂದರೆ ಕಾಲೇಜಾ, ಯೂನಿವರ್ಸಿಟಿಯಾ?

ಯೂನಿವರ್ಸಿಟಿ. 1863ರಲ್ಲಿ ಯೇಸುಸಭೆಯವರು, ಅಂದರೆ ಜೆಸ್ವಿಟ್ ಗುರುಗಳು, ಕಾಲೇಜಾಗಿ ಶುರು ಮಾಡಿದರು. ಆಮೇಲೆ ಕಾನೂನು, ನರ್ಸಿಂಗ್, ಸಮಾಜಕಾರ್ಯ ಎಲ್ಲ ಬಂದವು, ಪಿಎಚ್‌ಡಿ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಊರಲ್ಲಿ "ಮಗಳು ಅಮೆರಿಕದಲ್ಲಿ ಕಾಲೇಜಿಗೆ ಹೋಗ್ತಾಳೆ" ಅಂದಾಗ ನಮ್ಮ ಚಿಕ್ಕಮ್ಮ "ಮತ್ತೆ ಡಿಗ್ರಿ ಮಾಡ್ತಾಳಾ?" ಅಂತ ಕೇಳಿದ್ದರು.

ಬಾಸ್ಟನ್ ಯೂನಿವರ್ಸಿಟಿ ಬೇರೆಯೇ. ಅಲ್ಲಿಯೂ ದೈವಶಾಸ್ತ್ರದ ಶಾಲೆ ಇದೆ, ಅದರ ಬೇರು ಮೆಥಡಿಸ್ಟ್ ಸಭೆಯಲ್ಲಿದೆ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ 1955ರಲ್ಲಿ ಪಿಎಚ್‌ಡಿ ಪಡೆದದ್ದು ಆ ಯೂನಿವರ್ಸಿಟಿಯಿಂದ. ಅರ್ಜಿ ಹಾಕುವಾಗ ಹೆಸರು ಎರಡು ಸಲ ಓದಿ. ತಮಾಷೆ ಏನೆಂದರೆ, ಬಾಸ್ಟನ್ ಕಾಲೇಜಿನ ಮುಖ್ಯ ಕ್ಯಾಂಪಸ್ಸಿನ ಬಹುಪಾಲು ಬಾಸ್ಟನ್ ನಗರದಲ್ಲೇ ಇಲ್ಲ, ಪಕ್ಕದ ನ್ಯೂಟನ್‌ನಲ್ಲಿದೆ. ದೈವಶಾಸ್ತ್ರ ಶಾಲೆ ಇರುವ ಬ್ರೈಟನ್ ಕ್ಯಾಂಪಸ್ ಮಾತ್ರ ಬಾಸ್ಟನ್ ಗಡಿಯೊಳಗಿದೆ.

ಇದು ಸೆಮಿನರಿ ಅಲ್ವಾ?

ಅಲ್ಲ. ಸೆಮಿನರಿ ಪಕ್ಕದಲ್ಲೇ ಇದೆ. ಬಾಸ್ಟನ್ ಮಹಾಧರ್ಮಪ್ರಾಂತ್ಯದ ಸೇಂಟ್ ಜಾನ್ಸ್ ಸೆಮಿನರಿ ಅದು, 1884ರಿಂದ ನಡೆಯುತ್ತಿದೆ. ಎರಡಕ್ಕೂ ದಾರಿ ಒಂದೇ, ಲೇಕ್ ಸ್ಟ್ರೀಟ್. ಎಷ್ಟೋ ಜನ ತಪ್ಪಿ ಆ ಬಾಗಿಲು ತಟ್ಟುತ್ತಾರೆ.

ಸೆಮಿನರಿ ಅಂದರೆ ಬರೀ ಪಾಠವಲ್ಲ. ಬೆಳಗಿನ ಪ್ರಾರ್ಥನೆಯಿಂದ ರಾತ್ರಿ ದೀಪ ಆರಿಸುವ ತನಕ ಒಂದೇ ಸೂರು, ಒಬ್ಬ ರೆಕ್ಟರು, ಕೊನೆಗೆ ಧರ್ಮಾಧ್ಯಕ್ಷರಿಗೆ ಒಂದು ವರದಿ. ನಮ್ಮ ಶಾಲೆ ಪಾಠ ಹೇಳುತ್ತದೆ, ಸೇವಾ ತರಬೇತಿ ಕೊಡುತ್ತದೆ, ಪದವಿ ಕೊಡುತ್ತದೆ. ಗುರುದೀಕ್ಷೆಗೆ ತಯಾರಾಗುವ ಯೇಸುಸಭೆಯ ತರುಣರೂ ಇಲ್ಲೇ ಓದುತ್ತಾರೆ. ಆದರೆ ಅವರನ್ನು ಗುರುಗಳನ್ನಾಗಿ ರೂಪಿಸುವ ಕೆಲಸ ನಡೆಯುವುದು ಅವರು ವಾಸ ಮಾಡುವ ಸೇಂಟ್ ಪೀಟರ್ ಫೇಬರ್ ಸಮುದಾಯದಲ್ಲಿ. ತರಗತಿಯಲ್ಲಿ ಅವರೂ ನನ್ನ ಹಾಗೆಯೇ ಅಸೈನ್‌ಮೆಂಟ್ ತಡ ಮಾಡಿ ಬೈಸಿಕೊಳ್ಳುವವರು.

ಹಾಗಾದರೆ ಹೆಂಗಸರು, ಸಂಸಾರಸ್ಥರು ಸೇರಬಹುದಾ?

ಧಾರಾಳವಾಗಿ. ನನ್ನ ಪಕ್ಕ ಕೂರುತ್ತಿದ್ದವರಲ್ಲಿ ಒಬ್ಬರು ಆಸ್ಪತ್ರೆಯ ನರ್ಸ್, ಇಬ್ಬರು ಮಕ್ಕಳ ತಾಯಿ. ಇನ್ನೊಬ್ಬರು ಆಫ್ರಿಕಾದಿಂದ ಬಂದ ಫಾದರ್. ಎಂಡಿವ್, ಅಂದರೆ ಮಾಸ್ಟರ್ ಆಫ್ ಡಿವಿನಿಟಿ, ಪದವಿಯನ್ನೂ ಸಾಮಾನ್ಯ ಭಕ್ತರು ಮಾಡಬಹುದು. ಎಂಡಿವ್ ಮಾಡಿದ ಮಾತ್ರಕ್ಕೆ ದೀಕ್ಷೆ ಸಿಗುವುದಿಲ್ಲ. ದೀಕ್ಷೆಯ ನಿಯಮ ಬೇರೆ, ಓದಿನ ನಿಯಮ ಬೇರೆ.

ಇದರ ಬಿಸಿ ತಾಗುವುದು ಪ್ರಸಂಗದ ತರಗತಿಯಲ್ಲಿ. ಎಲ್ಲರೂ ಸಹಪಾಠಿಗಳ ಮುಂದೆ ನಿಂತು ಆ ವಾರದ ಶುಭಸಂದೇಶದ ಮೇಲೆ ಮಾತಾಡಬೇಕು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದು ಒಬ್ಬ ಸಿಸ್ಟರ್. ಆದರೆ ಬಲಿಪೂಜೆಯಲ್ಲಿ ಶುಭಸಂದೇಶದ ನಂತರದ ಪ್ರಬೋಧನೆ ಧರ್ಮಸಭೆಯ ಕಾನೂನಿನ 767ನೇ ವಿಧಿಯ ಪ್ರಕಾರ ಗುರು ಅಥವಾ ಡೀಕನ್‌ಗೆ ಮಾತ್ರ ಮೀಸಲು. ಸಿಸ್ಟರ್ ಕೂತ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು.

ಯೂನಿವರ್ಸಿಟಿ ಪದವಿ, ರೋಮ್ ಪದವಿ ಅಂತ ಎರಡು ಹೇಳ್ತಾರೆ. ಏನದು?

ಇದೊಂದು ತಿಳಿದರೆ ಉಳಿದ ಗೊಂದಲ ಮುಕ್ಕಾಲು ಪಾಲು ತೀರುತ್ತದೆ. ಈ ಶಾಲೆಗೆ ಯಜಮಾನರು ಇಬ್ಬರು. ಒಬ್ಬರು ಅಮೆರಿಕದ ಯೂನಿವರ್ಸಿಟಿ. ಇನ್ನೊಬ್ಬರು ವ್ಯಾಟಿಕನ್. ಒಂದೇ ಕಟ್ಟಡ, ಅದೇ ಪ್ರೊಫೆಸರು, ಅದೇ ಬಿಳಿ ಹಲಗೆ. ಆದರೆ ಹೊರಬರುವ ಸರ್ಟಿಫಿಕೇಟು ಎರಡು ಬಗೆ.

ಮೊದಲನೆಯದು ಯೂನಿವರ್ಸಿಟಿಯ ಪದವಿ. ಎಂಡಿವ್ ಮೂರು ವರ್ಷ, ಧರ್ಮಕೇಂದ್ರ, ಆಸ್ಪತ್ರೆ, ಕ್ಯಾಂಪಸ್ ಸೇವೆಗೆ ತಯಾರಾಗುವವರಿಗೆ. ಎಂಟಿಎಸ್ (ಮಾಸ್ಟರ್ ಆಫ್ ಥಿಯಲಾಜಿಕಲ್ ಸ್ಟಡೀಸ್) ಎರಡು ವರ್ಷ, ಮುಂದೆ ಸಂಶೋಧನೆ ಮಾಡುವವರಿಗೆ. ಥಿಯಾಲಜಿ ಅಂಡ್ ಮಿನಿಸ್ಟ್ರಿ ಎಂಎ ಇವೆರಡರ ನಡುವಿನ ದಾರಿ. ಟಿಎಚ್‌ಎಂ (ಮಾಸ್ಟರ್ ಆಫ್ ಥಿಯಾಲಜಿ) ಒಂದು ವರ್ಷದ್ದು, ಎಂಡಿವ್ ಅಥವಾ ಅದಕ್ಕೆ ಸಮನಾದದ್ದು ಮುಗಿಸಿದವರಿಗೆ. ಉತ್ತರ ಅಮೆರಿಕದ ದೈವಶಾಸ್ತ್ರ ಶಾಲೆಗಳಿಗೆ ಎಟಿಎಸ್ ಅನ್ನುವ ಮಾನ್ಯತಾ ಸಂಸ್ಥೆ ಇದೆ, ಈ ಪದವಿಗಳ ಗುಣಮಟ್ಟ ನೋಡುವುದು ಅದು.

ಎರಡನೆಯದು ಧರ್ಮಸಭೆಯ ಪದವಿ. ಎಸ್‌ಟಿಬಿ (ಬ್ಯಾಚುಲರ್), ಎಸ್‌ಟಿಎಲ್ (ಲೈಸೆನ್ಷಿಯೇಟ್), ಎಸ್‌ಟಿಡಿ (ಡಾಕ್ಟರೇಟ್) ಅಂತ ಮೂರು ಮೆಟ್ಟಿಲು. ಇವನ್ನು ಕೊಡುವ ಅಧಿಕಾರ ರೋಮ್‌ನಿಂದ ಬರಬೇಕು. ಕಥೋಲಿಕ ಯೂನಿವರ್ಸಿಟಿ ಅಂದಮಾತ್ರಕ್ಕೆ ಈ ಅಧಿಕಾರ ಇರುವುದಿಲ್ಲ. ಅಮೆರಿಕದಲ್ಲಿ ಇಂಥ ಶಾಲೆಗಳು ಬೆರಳೆಣಿಕೆಯಷ್ಟು. ವಾಷಿಂಗ್ಟನ್‌ನ ಕ್ಯಾಥೊಲಿಕ್ ಯೂನಿವರ್ಸಿಟಿ ಒಂದು, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಯೂನಿವರ್ಸಿಟಿಯ ಜೆಸ್ವಿಟ್ ಶಾಲೆ ಇನ್ನೊಂದು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ಶಾಸನ ಇವಕ್ಕೆ ಚೌಕಟ್ಟು ಹಾಕಿತ್ತು. ಪೋಪ್ ಫ್ರಾನ್ಸಿಸ್ 2017ರ ಡಿಸೆಂಬರಿನಲ್ಲಿ ಸಹಿ ಹಾಕಿ 2018ರ ಜನವರಿಯಲ್ಲಿ ಪ್ರಕಟಿಸಿದ ಹೊಸ ಶಾಸನ ಅದರ ಜಾಗಕ್ಕೆ ಬಂತು. ಡೀನ್ ಯಾರು ಅನ್ನುವುದಕ್ಕೂ, ಕಾಯಂ ಆಗುವ ಪ್ರಾಧ್ಯಾಪಕರು ಯಾರು ಅನ್ನುವುದಕ್ಕೂ ರೋಮ್‌ನಿಂದ ಒಪ್ಪಿಗೆ ಬರಬೇಕು.

ದೀಕ್ಷೆಯ ಹಾದಿಯಲ್ಲಿರುವವರು ಸಾಮಾನ್ಯವಾಗಿ ಎಂಡಿವ್ ಜೊತೆಗೇ ಎಸ್‌ಟಿಬಿ ಮಾಡುತ್ತಾರೆ. ಎಸ್‌ಟಿಬಿ ಮುಗಿಸಿದ ಮೇಲೆ ಇನ್ನೆರಡು ವರ್ಷ ಎಸ್‌ಟಿಎಲ್.

ನನಗೆ ಯಾವುದು ಬೇಕು?

ಯಾರು ಕಳಿಸುತ್ತಿದ್ದಾರೆ ನೋಡಿ. ನಿಮ್ಮನ್ನು ಧರ್ಮಾಧ್ಯಕ್ಷರೋ ನಿಮ್ಮ ಸಭೆಯ ಪ್ರಾಂತ್ಯದ ಮುಖ್ಯಸ್ಥರಾದ ಪ್ರೊವಿನ್ಶಿಯಲ್ಲರೋ ಸೆಮಿನರಿಯಲ್ಲಿ ಪಾಠ ಹೇಳಲೆಂದು ಕಳಿಸುತ್ತಿದ್ದರೆ ಎಸ್‌ಟಿಎಲ್ ಬಿಟ್ಟು ಬೇರೆ ಯೋಚನೆ ಬೇಡ. ಧರ್ಮಸಭೆಯ ಕಾನೂನಿನ 253ನೇ ವಿಧಿಯ ಪ್ರಕಾರ ಸೆಮಿನರಿಯಲ್ಲಿ ದೈವಶಾಸ್ತ್ರ ಕಲಿಸುವವರಿಗೆ ಡಾಕ್ಟರೇಟ್ ಅಥವಾ ಲೈಸೆನ್ಷಿಯೇಟ್ ಇರಬೇಕು. ಲೈಸೆನ್ಷಿಯೇಟ್ ಅಂದರೆ ಹೆಸರೇ ಹೇಳುವ ಹಾಗೆ ಕಲಿಸಲು ಪರವಾನಗಿ. ಧರ್ಮಾಧ್ಯಕ್ಷರಾಗುವವರ ಅರ್ಹತೆ ಹೇಳುವ 378ನೇ ವಿಧಿಯಲ್ಲೂ ಇದೇ ಪದವಿಗಳ ಹೆಸರಿದೆ, ಅಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದಾರೆ ಅಷ್ಟೇ.

ನಿಮ್ಮಷ್ಟಕ್ಕೆ ನೀವೇ ಓದಲು ಹೊರಟ ಸಾಮಾನ್ಯ ಭಕ್ತರಾದರೆ ಎಂಎ ಅಥವಾ ಎಂಟಿಎಸ್ ಸಾಕು. ಕೆಲಸದ ದೃಷ್ಟಿಯಿಂದ ಎರಡು ಪದವಿ ಜೋಡಿಸುವ ಅವಕಾಶವೂ ಇದೆ. ಎಂಎ ಜೊತೆಗೆ ಸಮಾಜಕಾರ್ಯದ ಪದವಿ ಮಾಡುವವರು ಇದ್ದಾರೆ. ಒಂಟಿ ಸೆಮಿನರಿಯಲ್ಲಿ ಇದು ಸಾಧ್ಯವಿಲ್ಲ, ಯೂನಿವರ್ಸಿಟಿಯೊಳಗಿನ ಶಾಲೆ ಆದ್ದರಿಂದ ಸಾಧ್ಯ.

ವೆಬ್‌ಸೈಟಿನಲ್ಲಿ ಥಿಯಾಲಜಿ ಡಿಪಾರ್ಟ್‌ಮೆಂಟ್ ಅಂತ ಇನ್ನೊಂದು ಕಾಣ್ತದೆ. ಎರಡೂ ಒಂದೇನಾ?

ಬೇರೆ ಬೇರೆ. ಮುಖ್ಯ ಕ್ಯಾಂಪಸ್ಸಿನಲ್ಲಿ, ಕಲೆ ಮತ್ತು ವಿಜ್ಞಾನ ಕಾಲೇಜಿನೊಳಗೆ, ಥಿಯಾಲಜಿ ವಿಭಾಗ ಇದೆ. ದೈವಶಾಸ್ತ್ರದ ಪಿಎಚ್‌ಡಿ ಅಲ್ಲಿಯದು. ನಮ್ಮ ಶಾಲೆಯ ಪಿಎಚ್‌ಡಿ ದೈವಶಾಸ್ತ್ರ ಮತ್ತು ಶಿಕ್ಷಣ ಎರಡನ್ನೂ ಕೂಡಿಸಿದ್ದು, ಅಂದರೆ ನಂಬಿಕೆಯನ್ನು ಕಲಿಸುವುದು ಹೇಗೆ ಅನ್ನುವ ವಿಷಯ. ಥಾಮಸ್ ಗ್ರೂಮ್ ಅವರ ಹೆಸರು ಕೇಳಿದ್ದರೆ ಇದು ಅವರ ಕ್ಷೇತ್ರ. ಅಲ್ಲಿಗೆ ಹಾಕಬೇಕಾದ ಅರ್ಜಿಯನ್ನು ಇಲ್ಲಿಗೆ ಹಾಕಿ ಒಂದು ವರ್ಷ ಕಳೆದುಕೊಂಡವರನ್ನು ನಾನು ಬಲ್ಲೆ.

ಶಾಲೆ ಎಷ್ಟು ಹಳೆಯದು?

ಲೆಕ್ಕ ಹಾಕುವ ರೀತಿಯ ಮೇಲೆ ಹೋಗುತ್ತದೆ. ಈಗಿನ ರೂಪ 2008ರದ್ದು. ಅದಕ್ಕೆ ಮೊದಲು ಎರಡು ಪ್ರತ್ಯೇಕ ಹೊಳೆಗಳಿದ್ದವು. ಒಂದು 1922ರಲ್ಲಿ ವೆಸ್ಟನ್ ಎಂಬ ಊರಿನಲ್ಲಿ ಯೇಸುಸಭೆಯವರು ತಮ್ಮವರಿಗೇ ಕಟ್ಟಿಕೊಂಡ ವಿದ್ಯಾಮಂದಿರ. ಹೊಸ ಒಡಂಬಡಿಕೆಯ ಬಗ್ಗೆ ಬರುವ ಬರಹಗಳ ಸಾರಾಂಶ ಕೊಡುವ ನಿಯತಕಾಲಿಕ ಅಲ್ಲಿ 1956ರಲ್ಲಿ ಹುಟ್ಟಿತು. ಬೈಬಲ್ ಪಂಡಿತರಿಗೆ ಅದು ಇವತ್ತಿಗೂ ಕೈಗನ್ನಡಿ. ಎರಡನೇ ವ್ಯಾಟಿಕನ್ ಸಮ್ಮೇಳನ ಮುಗಿದು ಗಾಳಿ ಬದಲಾದಾಗ, 1968ರಲ್ಲಿ ಅವರು ಹಳ್ಳಿಯ ಗೋಡೆ ದಾಟಿ ಹಾರ್ವರ್ಡ್ ಇರುವ ಕೇಂಬ್ರಿಜ್‌ಗೆ ಬಂದರು. ಪ್ರಾಟೆಸ್ಟೆಂಟರ ಜೊತೆ ಗ್ರಂಥಾಲಯ, ತರಗತಿ ಹಂಚಿಕೊಂಡರು, ಸಾಮಾನ್ಯ ಭಕ್ತರಿಗೂ ಬಾಗಿಲು ತೆರೆದರು. ಇನ್ನೊಂದು ಹೊಳೆ 1971ರಿಂದ ಬಾಸ್ಟನ್ ಕಾಲೇಜಿನೊಳಗೇ ಇದ್ದ ಧಾರ್ಮಿಕ ಶಿಕ್ಷಣ ಮತ್ತು ಸೇವಾ ತರಬೇತಿಯ ಸಂಸ್ಥೆ. ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಟೀಚರ್‌ಗಳು, ಸಿಸ್ಟರ್‌ಗಳು. 2008ರಲ್ಲಿ ಎರಡೂ ಸೇರಿದವು. ಈ ಎರಡು ಸ್ವಭಾವ ಇನ್ನೂ ಪೂರ್ತಿ ಬೆರೆತಿಲ್ಲ ಅಂತ ನನ್ನ ಅನಿಸಿಕೆ. ಗ್ರೀಕ್ ವ್ಯಾಕರಣದವರು ಒಂದು ಮೇಜಿನಲ್ಲಿ, ಮಕ್ಕಳಿಗೆ ಕಥೆ ಹೇಳುವವರು ಇನ್ನೊಂದು ಮೇಜಿನಲ್ಲಿ ಊಟ ಮಾಡುವುದು ನಮ್ಮ ಕಾಲದಲ್ಲೂ ಇತ್ತು.

ಆ ಜಾಗ ಮೊದಲು ಬಿಷಪ್ಪರದ್ದಂತೆ, ಮಾರಿದ್ದಂತೆ. ನಿಜವಾ?

ನಿಜ. ಈ ಪ್ರಶ್ನೆಯನ್ನು ಪಿಸುದನಿಯಲ್ಲಿ ಕೇಳುತ್ತಾರೆ, ಆದರೆ ಅಲ್ಲಿ ಇದು ಮುಚ್ಚಿಟ್ಟ ವಿಷಯವಲ್ಲ. 2002ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ, ಮಕ್ಕಳ ಮೇಲೆ ಕೆಲವು ಗುರುಗಳು ನಡೆಸಿದ ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮೇಲಿನವರು ಮುಚ್ಚಿಟ್ಟಿದ್ದನ್ನೂ ಬಯಲಿಗೆ ತಂದಿತು. ಆ ವರ್ಷದ ಡಿಸೆಂಬರಿನಲ್ಲಿ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಮರುವರ್ಷ ಮಹಾಧರ್ಮಪ್ರಾಂತ್ಯ 550ಕ್ಕೂ ಹೆಚ್ಚು ಸಂತ್ರಸ್ತರಿಗೆ 8.5 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. ಆ ಹಣ ಹೊಂದಿಸಲು 2004ರಲ್ಲಿ ಬ್ರೈಟನ್‌ನ 43 ಎಕರೆ, ಕಾರ್ಡಿನಲ್ಲರ ಅರಮನೆಯಂಥ ನಿವಾಸದ ಸಮೇತ, ಎದುರುಗಡೆಯ ಬಾಸ್ಟನ್ ಕಾಲೇಜಿಗೆ ಮಾರಾಟವಾಯಿತು. 2007ರಲ್ಲಿ ಇನ್ನಷ್ಟು ಜಾಗ, ಸೆಮಿನರಿಯ ಕೆಲವು ಕಟ್ಟಡಗಳು ಕೈ ಬದಲಾದವು. ಮರುವರ್ಷ ನಮ್ಮ ಶಾಲೆ ಅಲ್ಲಿಗೆ ಬಂತು.

ಕಾರ್ಡಿನಲ್ಲರ ನಿವಾಸ ಈಗ ಯೂನಿವರ್ಸಿಟಿಯ ಕಲಾ ಮ್ಯೂಸಿಯಂ. ಒಮ್ಮೆ ಧರ್ಮಸಭೆಯ ಕಾನೂನಿನ ತರಗತಿ ಮುಗಿಸಿ ಅಲ್ಲಿಗೆ ಚಿತ್ರ ನೋಡಲು ಹೋಗಿದ್ದೆವು. ಮೆಟ್ಟಿಲಿನ ಕೈಹಿಡಿ ಸವರುತ್ತಾ ಒಬ್ಬ ಬಾಸ್ಟನ್ ಹುಡುಗ, "ಈ ಮನೆ ಮಾರಿದ ದುಡ್ಡಿನಲ್ಲಿ ನಮ್ಮ ಮಾವನ ಪಾಲೂ ಇದೆ" ಅಂದ. ನಾವ್ಯಾರೂ ಮುಂದೆ ಕೇಳಲಿಲ್ಲ.

ಪಾಠ ಹೇಗಿರತ್ತೆ? ಬರೀ ಪುಸ್ತಕವಾ?

ಪುಸ್ತಕ ಬೇಕಾದಷ್ಟಿದೆ. ಬೈಬಲ್, ತ್ರಿತ್ವ, ಕ್ರಿಸ್ತಶಾಸ್ತ್ರ, ಸಂಸ್ಕಾರಗಳು, ನೀತಿಶಾಸ್ತ್ರ, ಸಭಾ ಇತಿಹಾಸ. ಮನಸ್ಸಿದ್ದವರಿಗೆ ಹೀಬ್ರೂ, ಗ್ರೀಕ್. ಬಾಸ್ಟನ್ ಸುತ್ತಲಿನ ದೈವಶಾಸ್ತ್ರ ಶಾಲೆಗಳ ಒಕ್ಕೂಟ ಇರುವುದರಿಂದ ಹಾರ್ವರ್ಡ್‌ನ ಡಿವಿನಿಟಿ ಶಾಲೆಗೂ ಹೋಗಿ ಒಂದೆರಡು ಕೋರ್ಸ್ ಕೂರಬಹುದು.

ಆದರೆ ನನಗೆ ಹೆಚ್ಚು ಕಲಿಸಿದ್ದು ಆಸ್ಪತ್ರೆ. ಸಿಪಿಇ (ಕ್ಲಿನಿಕಲ್ ಪಾಸ್ಟೊರಲ್ ಎಜುಕೇಶನ್) ಅನ್ನುವ ತರಬೇತಿ ಇದೆ, ಒಂದು ಯೂನಿಟ್ಟಿಗೆ 400 ಗಂಟೆ. ರೋಗಿಗಳ ಹಾಸಿಗೆ ಪಕ್ಕ ಕೂರಬೇಕು. ಆಮೇಲೆ ಕೋಣೆಗೆ ಬಂದು ಆ ಮಾತುಕತೆಯನ್ನು ನೆನಪಿನಿಂದ ಅಕ್ಷರಶಃ ಬರೆಯಬೇಕು: ನಾನು ಹೀಗಂದೆ, ರೋಗಿ ಹೀಗಂದರು, ನಾನು ಸುಮ್ಮನಿದ್ದೆ, ನರ್ಸ್ ಬಂದರು. ಇದಕ್ಕೆ ವರ್ಬೇಟಿಮ್ ಅಂತ ಹೆಸರು. ಅದನ್ನು ಐದಾರು ಸಹಪಾಠಿಗಳು, ಒಬ್ಬ ಸೂಪರ್‌ವೈಸರು ಸಾಲು ಸಾಲಾಗಿ ಬಿಚ್ಚುತ್ತಾರೆ. ನನ್ನ ಮೊದಲ ವರ್ಬೇಟಿಮ್‌ನಲ್ಲಿ ಒಬ್ಬ ಮುದುಕ "ನಾನು ಪೂಜೆಗೆ ಹೋಗದೆ ಮೂವತ್ತು ವರ್ಷ ಆಯ್ತು" ಅಂದಿದ್ದ. ನಾನು ಕೂಡಲೇ "ದೇವರು ಕ್ಷಮಿಸ್ತಾನೆ" ಅಂದುಬಿಟ್ಟಿದ್ದೆ. ಸೂಪರ್‌ವೈಸರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಅವರು ಕ್ಷಮೆ ಕೇಳಿದರಾ?" ಕೇಳಿರಲಿಲ್ಲ. ಮೂವತ್ತು ವರ್ಷದ ಹಿಂದೆ ಏನಾಯಿತು ಅಂತ ನಾನೂ ಕೇಳಿರಲಿಲ್ಲ.

ಇಂಥ ನಾಲ್ಕು ಯೂನಿಟ್, ಜೊತೆಗೆ ಸ್ನಾತಕೋತ್ತರ ಪದವಿ ಇದ್ದರೆ ಅಮೆರಿಕದ ಆಸ್ಪತ್ರೆಗಳಲ್ಲಿ ಪ್ರಮಾಣಿತ ಚಾಪ್ಲಿನ್, ಅಂದರೆ ರೋಗಿಗಳ ಆಧ್ಯಾತ್ಮಿಕ ಆರೈಕೆ ಮಾಡುವವರು, ಆಗುವ ದಾರಿ ತೆರೆಯುತ್ತದೆ.

ಪ್ರೊಫೆಸರು ರೋಮ್‌ಗೆ ಒಪ್ಪದ್ದನ್ನು ಬರೆದರೆ?

ಇಬ್ಬರು ಯಜಮಾನರ ಕಷ್ಟ ಕಾಣುವುದು ಇಲ್ಲೇ. ವೆಸ್ಟನ್ ಕಾಲದ ಒಂದು ಪ್ರಸಂಗ ಹೇಳುತ್ತೇನೆ. ಯೇಸುಸಭೆಯ ರೋಜರ್ ಹೇಟ್ ಅಲ್ಲಿ ಪ್ರಾಧ್ಯಾಪಕರು. ಕ್ರಿಸ್ತನ ಬಗ್ಗೆ 1999ರಲ್ಲಿ ಅವರು ಬರೆದ ಪುಸ್ತಕವನ್ನು ವ್ಯಾಟಿಕನ್‌ನ ವಿಶ್ವಾಸ ಸಿದ್ಧಾಂತದ ಮಂಡಳಿ ಪರಿಶೀಲನೆಗೆ ಎತ್ತಿಕೊಂಡಿತು. ಅವರು ಪಾಠ ನಿಲ್ಲಿಸಬೇಕಾಯಿತು. 2004ರ ಡಿಸೆಂಬರ್ ತಾರೀಖಿನ ಪ್ರಕಟಣೆ, ಆಕ್ಷೇಪಗಳಿಗೆ ತಿದ್ದುಪಡಿ ಆಗುವ ತನಕ ಅವರು ಕಥೋಲಿಕ ದೈವಶಾಸ್ತ್ರ ಕಲಿಸುವಂತಿಲ್ಲ ಎಂದಿತು. ಅವರು ನ್ಯೂಯಾರ್ಕಿನ ಯೂನಿಯನ್ ಸೆಮಿನರಿಗೆ ಹೋದರು, ಅದು ಕಥೋಲಿಕರದ್ದಲ್ಲ. ಬೇರೆ ವಿಭಾಗದ ಪ್ರಾಧ್ಯಾಪಕರಿಗೆ ಹೀಗಾಗುವುದಿಲ್ಲ. ರೋಮ್‌ನ ಪದವಿ ಬೇಕಾದರೆ ರೋಮ್‌ನ ಕಣ್ಣೂ ಇರುತ್ತದೆ. ದಿನನಿತ್ಯ ಹಾಗಂತ ಭಯದ ವಾತಾವರಣ ಇಲ್ಲ. ವಿದ್ಯಾರ್ಥಿಗಳಂತೂ ಏನು ಬೇಕಾದರೂ ಕೇಳಬಹುದು, ಕೇಳುತ್ತಾರೆ.

ಕ್ರೈಸ್ತರಲ್ಲದವರು ಓದಬಹುದಾ?

ಓದಬಹುದು, ಎಂಟಿಎಸ್ ಅಂಥ ಪದವಿಗೆ ಅಡ್ಡಿಯಿಲ್ಲ. ಆದರೆ ಹಿಂದೂ ಮತ್ತು ಕ್ರೈಸ್ತ ಗ್ರಂಥಗಳನ್ನು ಪಕ್ಕಪಕ್ಕ ಇಟ್ಟು ಓದುವ ಆಸೆ ಇದ್ದರೆ ಮೇಲೆ ಹೇಳಿದ ಥಿಯಾಲಜಿ ವಿಭಾಗದ ಕಡೆಗೂ ನೋಡಿ. ಶ್ರೀವೈಷ್ಣವ ಆಚಾರ್ಯರನ್ನೂ ತಿರುವಾಯ್ಮೊಳಿಯನ್ನೂ ಜೀವಮಾನವಿಡೀ ಓದಿದ ಫಾದರ್ ಫ್ರಾನ್ಸಿಸ್ ಕ್ಲೂನಿ 2005ರಲ್ಲಿ ಹಾರ್ವರ್ಡ್‌ಗೆ ಹೋಗುವ ಮೊದಲು ಎರಡು ದಶಕ ಕಲಿಸಿದ್ದು ಆ ವಿಭಾಗದಲ್ಲಿ.

ಬೆಂಗಳೂರಲ್ಲೇ ಇದೆಲ್ಲ ಇಲ್ವಾ? ಅಷ್ಟು ದೂರ ಯಾಕೆ?

ಇದೆ, ಮತ್ತು ಚೆನ್ನಾಗಿದೆ. ಹೊಸೂರು ರಸ್ತೆಯ ಧರ್ಮಾರಾಮ್ ವಿದ್ಯಾ ಕ್ಷೇತ್ರ, ಮಲ್ಲೇಶ್ವರದ ಸೇಂಟ್ ಪೀಟರ್ಸ್, ಎರಡಕ್ಕೂ ರೋಮ್‌ನ ಮಾನ್ಯತೆ ಇದೆ. ವ್ಯತ್ಯಾಸ ಇರುವುದು ಗೋಡೆಯಲ್ಲಿ. ಧರ್ಮಾರಾಮ್ ಪಕ್ಕದಲ್ಲೇ ಕ್ರೈಸ್ಟ್ ಯೂನಿವರ್ಸಿಟಿ, ನಡೆಸುವವರು ಒಂದೇ ಸಭೆಯವರು, ಆದರೂ ದೈವಶಾಸ್ತ್ರದ ಪದವಿ ಬೇರೆ ಬಾಗಿಲಿನಿಂದ ಬರುತ್ತದೆ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ಯೂನಿವರ್ಸಿಟಿಗಳನ್ನು ಕಟ್ಟುವಾಗ ದೈವಶಾಸ್ತ್ರವನ್ನು ಹೊರಗಿಟ್ಟರು. ಪ್ರಾಟೆಸ್ಟೆಂಟರಿಗೆ ಸೆರಾಂಪುರದಲ್ಲಿ ಡೆನ್ಮಾರ್ಕ್ ರಾಜ 1827ರಲ್ಲಿ ಪದವಿ ಕೊಡಲು ಅಧಿಕಾರವಿತ್ತ ಸನ್ನದು ಆಸರೆಯಾಯಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇವತ್ತಿಗೂ ಅದರ ನೆರಳಲ್ಲಿದೆ. ಕಥೋಲಿಕರಿಗೆ ರೋಮ್.

ಊರಿನ ಜನರ ನಡುವೆ ಕೆಲಸ ಮಾಡುವವರಿಗೆ ಬೆಂಗಳೂರೇ ವಾಸಿ ಅಂತ ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಾಸ್ಟನ್ನಿನಲ್ಲಿ ಅವರ ಧರ್ಮಕೇಂದ್ರದ ಚಿಂತೆಗಳು ಬೇರೆ. ಅಲ್ಲಿ ಸ್ಪ್ಯಾನಿಷ್ ಮಾತಾಡುವ ಭಕ್ತರಿಗಾಗಿ ಎಷ್ಟೊಂದು ಕೋರ್ಸುಗಳಿವೆ. ಅಮೆರಿಕದ ಕಥೋಲಿಕರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಲ್ಯಾಟಿನ್ ಅಮೆರಿಕ ಮೂಲದವರು. ಕೊಂಕಣಿ ಕುಟುಂಬದ ರೋಸರಿಯ ಬಗ್ಗೆ ಅಲ್ಲಿ ಯಾರೂ ಪಾಠ ಮಾಡುವುದಿಲ್ಲ. ಅದನ್ನು ನೀವೇ ಪ್ರಬಂಧವಾಗಿ ಬರೆಯಬೇಕು. ನಾನು ಬರೆದೆ, ಒಳ್ಳೆಯ ಅಂಕವೂ ಬಂತು.

ಖರ್ಚು, ವೀಸಾ, ಕೆಲಸ?

ಬೋಧನಾ ಶುಲ್ಕದಲ್ಲಿ ನೆರವು ಸಿಗುವುದು ಸಾಮಾನ್ಯ, ಕೇಳಲು ನಾಚಿಕೆ ಬೇಡ. ಪೆಟ್ಟು ಬೀಳುವುದು ಮನೆ ಬಾಡಿಗೆಯಲ್ಲಿ. ಫಾದರ್‌ಗಳು ಯಾವುದಾದರೂ ಧರ್ಮಕೇಂದ್ರದಲ್ಲಿ ಉಳಿದುಕೊಂಡು ಪೂಜೆಗೆ ನೆರವಾಗುತ್ತಾರೆ. ನಮ್ಮಂಥವರು ಮೂರು ಜನ ಸೇರಿ ಒಂದು ಮನೆ ಹಿಡಿಯುವುದು.

ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಓದು ಮುಗಿದ ಮೇಲೆ ಓಪಿಟಿ, ಅಂದರೆ ಓದಿದ ಕ್ಷೇತ್ರದಲ್ಲಿ ಕೆಲಸ ಮಾಡುವ ಅನುಮತಿ, 12 ತಿಂಗಳು. ಎಂಜಿನಿಯರಿಂಗ್ ಮಾಡಿದ ಅಣ್ಣನಿಗೆ ಸಿಕ್ಕ ಹೆಚ್ಚುವರಿ ಎರಡು ವರ್ಷ ದೈವಶಾಸ್ತ್ರಕ್ಕೆ ಸಿಗುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ.

ವಾಪಸ್ ಬಂದರೆ ಈ ಪದವಿಗೆ ಬೆಲೆ ಇದೆಯಾ?

ಸೆಮಿನರಿಯಲ್ಲಿ, ಧರ್ಮಪ್ರಾಂತ್ಯದಲ್ಲಿ ಎಸ್‌ಟಿಎಲ್ ಅಂದರೆ ಪ್ರಶ್ನೆಯೇ ಇಲ್ಲ. ಸರ್ಕಾರಿ ಅಥವಾ ಖಾಸಗಿ ಡಿಗ್ರಿ ಕಾಲೇಜಿನ ಕೆಲಸಕ್ಕಾದರೆ ಯೂನಿವರ್ಸಿಟಿ ಪದವಿಗೆ ಸಮಾನತಾ ಪ್ರಮಾಣಪತ್ರ ಮಾಡಿಸಬೇಕು. ಅಂಕಪಟ್ಟಿ, ಕೋರ್ಸ್ ವಿವರ ಎಲ್ಲ ಅಲ್ಲಿಂದ ಹೊರಡುವ ಮೊದಲೇ ಮುಚ್ಚಿದ ಲಕೋಟೆಯಲ್ಲಿ ತೆಗೆದುಕೊಂಡು ಬನ್ನಿ.

ಒಮ್ಮೆ ನೋಡಿಕೊಂಡು ಬರಬಹುದಾ?

ಬಾಸ್ಟನ್ನಿಗೆ ಹೇಗೂ ಹೋಗಿದ್ದರೆ ಅಗತ್ಯ ಹೋಗಿ. ಗ್ರೀನ್ ಲೈನಿನ ಬಿ ಟ್ರಾಮು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿಯಿರಿ, ಹೆಸರು ಬಾಸ್ಟನ್ ಕಾಲೇಜ್ ಅಂತಲೇ ಇದೆ. ಟ್ರಾಮು ಸಿಗ್ನಲ್ಲಿಗೊಮ್ಮೆ ನಿಲ್ಲುತ್ತದೆ, ಕೈಯಲ್ಲೊಂದು ಪುಸ್ತಕ ಇರಲಿ. ಇಳಿದ ಮೇಲೆ ಎಲ್ಲರೂ ದೊಡ್ಡ ಗೋಪುರದ ಕಡೆ ಹೋಗುತ್ತಾರೆ, ಅದು ಮುಖ್ಯ ಕ್ಯಾಂಪಸ್. ನೀವು ಅವರ ಹಿಂದೆ ಹೋಗದೆ ಲೇಕ್ ಸ್ಟ್ರೀಟ್ ಹಿಡಿಯಿರಿ, ಶಾಲೆ 9ನೇ ನಂಬರಿನಲ್ಲಿದೆ. ಜನವರಿಯಲ್ಲಾದರೆ ಮಂಜುಗಡ್ಡೆಯ ಮೇಲೆ ಜಾರದ ಬೂಟು ಬೇಕು. ನಾನು ಊರಿಂದ ಹಾಕಿಕೊಂಡು ಹೋಗಿದ್ದ ಚಪ್ಪಲಿ ಮೊದಲ ವಾರದಲ್ಲೇ ಆ ದಾರಿಯಲ್ಲಿ ಕಿತ್ತುಹೋಯಿತು.